ಹಲ್ಲಿನ ಮೇಲಿನ ಗೀರುಗಳು: ಮಂಗಗಳ ದ್ವೀಪವೊಂದರ ಹಸಿವಿನ ಇತಿಹಾಸ

ಇತಿಹಾಸದ ಪಾಠಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೊದಲಿಗೆ ಬರುವ ಅಧ್ಯಾಯ 'ಇತಿಹಾಸದ ಆಧಾರಗಳು'. ನನ್ನ ತರಗತಿಗಳಲ್ಲಿ ಕುಳಿತವರಿಗೆ ಅದು ಮರೆತಿರಲಾರದು. ಸಾಹಿತ್ಯಿಕ ಆಧಾರಗಳು, ಪುರಾತತ್ವ ಆಧಾರಗಳು ಎಂದು ಎರಡು ಭಾಗ; ಮೊದಲನೆಯದರಲ್ಲಿ ದೇಶೀಯ, ವಿದೇಶೀಯ ಎಂದು ಮತ್ತೆರಡು; ಎರಡನೆಯದರಲ್ಲಿ ಶಾಸನ, ನಾಣ್ಯ, ಸ್ಮಾರಕ, ಉತ್ಖನನ. ಪರೀಕ್ಷೆಯಲ್ಲಿ ಪ್ರಶ್ನೆ ಖಚಿತವಾದ್ದರಿಂದ ಎಲ್ಲರೂ ಇದನ್ನು ಬಾಯಿಪಾಠ ಮಾಡುತ್ತಿದ್ದಿರಿ. ಆ ಪಟ್ಟಿಯಲ್ಲಿ ಇಲ್ಲದ ಒಂದು ಆಧಾರದ ವಿಚಾರವನ್ನು ಇಂದು ಬರೆಯಬೇಕೆನಿಸಿದೆ. ಅದು ಹಲ್ಲು, ಅದರಲ್ಲಿಯೂ ಮನುಷ್ಯರದಲ್ಲ, ಮಂಗಗಳ ಮತ್ತು ವಾನರಗಳ ಹಲ್ಲು.

ಇತಿಹಾಸದ ಮೇಷ್ಟ್ರಿಗೆ ಮಂಗನ ಹಲ್ಲಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಶಾಸನವನ್ನು ಹಾಕಿಸಿದವರು ಅರಸರು, ಸಾಮಂತರು, ದಾನಿಗಳು. ನಾಣ್ಯವನ್ನು ಟಂಕಿಸಿದವರೂ ಅವರೇ. ಹಸಿದವರು ಶಾಸನ ಹಾಕಿಸಲಿಲ್ಲ. ಬರಗಾಲಗಳ ಬಗ್ಗೆ ನಮಗೆ ಸಿಗುವ ಲೆಕ್ಕವೂ ಬಹುಮಟ್ಟಿಗೆ ಸತ್ತವರ ಲೆಕ್ಕ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕಾಡಿದ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ತೀರಿಕೊಂಡರೆಂದು ಓದುತ್ತೇವೆ. ಆದರೆ ಆ ಬರದಲ್ಲಿ ಎರಡು ಮೂರು ವರ್ಷದ ಮಗುವಾಗಿದ್ದು, ಹಸಿದು, ಹೇಗೋ ಬದುಕಿ ಉಳಿದು, ಮುಂದೆ ಮದುವೆಯಾಗಿ ಮಕ್ಕಳನ್ನು ಹೆತ್ತವರ ಹಸಿವಿನ ದಾಖಲೆ ಎಲ್ಲಿದೆ? ಯಾವ ಕಛೇರಿಯ ಕಡತದಲ್ಲಿಯೂ ಇಲ್ಲ. ಅದು ಇದ್ದದ್ದು ಅವರ ಬಾಯಿಯಲ್ಲಿ, ಅವರ ಹಲ್ಲುಗಳ ಮೇಲೆ.

ಮಾತೇ ಬಾರದ, ಬರೆಹವೇ ಇಲ್ಲದ ಪ್ರಾಣಿಗಳ ವಿಷಯದಲ್ಲಿ ಈ ಆಧಾರದ ಬೆಲೆ ಇನ್ನೂ ಹೆಚ್ಚು. ಅದನ್ನು ಓದುವ ಬಗೆ ಹೇಗೆ, ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಒಂದು ನಿಜವಾದ ಪ್ರಸಂಗದ ಮೂಲಕ ಹೇಳಲು ಪ್ರಯತ್ನಿಸುತ್ತೇನೆ. ಆ ಪ್ರಸಂಗ ನಡೆದದ್ದು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ. ಆದರೆ ಅದರ ಪಾತ್ರಧಾರಿಗಳು ಹೊರಟದ್ದು ನಮ್ಮ ದೇಶದಿಂದ.

ಹಲ್ಲು ಬರೆಯುವ ದಿನಚರಿ

ಮೊದಲು ಸ್ವಲ್ಪ ವಿಜ್ಞಾನ. ವಿಜ್ಞಾನದ ಮೇಷ್ಟ್ರುಗಳು ನನ್ನನ್ನು ಕ್ಷಮಿಸಲಿ.

ಹಲ್ಲಿನ ಹೊರಕವಚಕ್ಕೆ ಎನಾಮಲ್ ಎಂದು ಹೆಸರು. ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ಅದರ ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜವೇ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೆ ಮಾಯುತ್ತದೆ, ಉಗುರು ಕತ್ತರಿಸಿದರೆ ಬೆಳೆಯುತ್ತದೆ. ಎನಾಮಲ್ ಹಾಗಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಇನ್ನೂ ವಸಡಿನೊಳಗೆ ಇರುವಾಗಲೇ ತಮ್ಮ ಕೆಲಸವನ್ನು ಮುಗಿಸುತ್ತವೆ. ಹಲ್ಲು ಹೊರಬರುವ ವೇಳೆಗೆ ಅವು ಇಲ್ಲವಾಗಿರುತ್ತವೆ. ಮನೆ ಕಟ್ಟಿದ ಗಾರೆಯವರು ಊರನ್ನೇ ಬಿಟ್ಟು ಹೋದ ಹಾಗೆ. ಗೋಡೆಯಲ್ಲಿ ಓರೆಕೋರೆ ಇದ್ದರೆ ಅದು ಹಾಗೆಯೇ ಉಳಿಯಬೇಕು, ತಿದ್ದುವವರಿಲ್ಲ. ನಾವು ದುಃಖಿಸಬೇಕಾದ ಈ ಸಂಗತಿಯೇ ಇತಿಹಾಸಕಾರನಿಗೆ ಅನುಕೂಲ. ಆಮೇಲೆ ತಿದ್ದಲಾಗದ ದಾಖಲೆಗಿಂತ ಒಳ್ಳೆಯ ದಾಖಲೆ ಯಾವುದು?

ಈ ಗೋಡೆ ಒಂದೇ ಸಲ ಏಳುವುದಿಲ್ಲ. ಪ್ರತಿದಿನ ಒಂದು ತೆಳುವಾದ ಪದರ ಸೇರುತ್ತದೆ. ಹಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ದಿನದಿನದ ಗುರುತುಗಳು ಕಾಣುತ್ತವೆ. ಕೆಲವು ದಿನಗಳಿಗೊಮ್ಮೆ ಸ್ವಲ್ಪ ದಪ್ಪನೆಯ ಗೆರೆಯೊಂದು ಬೀಳುತ್ತದೆ. ಮನುಷ್ಯರಲ್ಲಿ ಹೆಚ್ಚಾಗಿ ಎಂಟು ಒಂಬತ್ತು ದಿನಗಳಿಗೊಮ್ಮೆ, ಮಂಗಗಳಲ್ಲಿ ಅದಕ್ಕಿಂತ ಕಡಿಮೆ ಅವಧಿಗೊಮ್ಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವನ್ನು ವರ್ಣಿಸಿದ ಸ್ವೀಡನ್ನಿನ ಅಂಗರಚನಾಶಾಸ್ತ್ರಜ್ಞ ಆಂಡರ್ಸ್ ರೆಟ್ಜಿಯಸನ ಹೆಸರಿನಲ್ಲಿ ಇವುಗಳನ್ನು ರೆಟ್ಜಿಯಸ್ ರೇಖೆಗಳು ಎನ್ನುತ್ತಾರೆ. ಮರದ ಕಾಂಡದ ಉಂಗುರಗಳನ್ನು ಎಣಿಸಿ ವಯಸ್ಸು ಹೇಳುವುದನ್ನು ನೀವು ಕೇಳಿದ್ದೀರಿ. ಮರ ವರ್ಷಕ್ಕೊಂದು ಉಂಗುರ ಹಾಕಿದರೆ ಹಲ್ಲು ದಿನಕ್ಕೊಂದು ಗೆರೆ ಎಳೆಯುತ್ತದೆ.

ಮಗುವಿಗೆ ತೀವ್ರವಾದ ಜ್ವರ ಬಂದಾಗ, ಅನ್ನವಿಲ್ಲದಾಗ, ದೊಡ್ಡ ಆಘಾತವಾದಾಗ ಗಾರೆ ಕೆಲಸ ಕುಂಟುತ್ತದೆ. ಆಗ ಎರಡು ಬಗೆಯ ಗುರುತುಗಳು ಉಳಿಯುತ್ತವೆ. ಒಂದು, ಒಳಗಿನ ಪದರಗಳಲ್ಲಿ ಎದ್ದು ಕಾಣುವ ಗಾಢವಾದ ಗೆರೆ. ಇದನ್ನು ನೋಡಲು ಹಲ್ಲನ್ನು ಸೀಳಬೇಕು. ಇನ್ನೊಂದು, ಹಲ್ಲಿನ ಹೊರಮೈಯಲ್ಲಿ ಅಡ್ಡಡ್ಡಲಾಗಿ ಹಾಯುವ ತಗ್ಗಾದ ಗೀರು. ಇದು ಆಳವಾಗಿದ್ದರೆ ಬರಿಗಣ್ಣಿಗೂ ಕಂಡೀತು, ಉಗುರು ಆಡಿಸಿದರೆ ತಿಳಿದೀತು. ಗೀರು ಹಲ್ಲಿನ ತುದಿಯಿಂದ ಎಷ್ಟು ದೂರದಲ್ಲಿದೆ ಎಂಬುದರಿಂದ ತೊಂದರೆ ಯಾವ ವಯಸ್ಸಿನಲ್ಲಿ ಬಂತೆಂದು, ಅದರೊಳಗೆ ಎಷ್ಟು ಗೆರೆಗಳು ಅಡಗಿವೆ ಎಂಬುದರಿಂದ ಅದು ಸುಮಾರು ಎಷ್ಟು ದಿನ ಇತ್ತೆಂದು ಲೆಕ್ಕ ಹಾಕಬಹುದು.

ಹುಟ್ಟುವುದೂ ಒಂದು ಆಘಾತವೇ. ಗರ್ಭದ ಬೆಚ್ಚನೆಯ ನೆಲೆಯಿಂದ ಹೊರಗೆ ಬಂದ ದಿನದ ಗೆರೆಯೊಂದು ನಮ್ಮೆಲ್ಲರ ಹಾಲುಹಲ್ಲುಗಳೊಳಗೆ ಇರುತ್ತದೆ. ಅದನ್ನು ಜನನರೇಖೆ ಎನ್ನೋಣ. ಓದುವವನಿಗೆ ಅದು ಪಂಚಾಂಗದ ಮೊದಲ ದಿನವಿದ್ದಂತೆ. ಅಲ್ಲಿಂದ ಮುಂದಕ್ಕೆ ಎಣಿಸಿದರಾಯಿತು.

ಸಾಕ್ಷಿಯ ಪರೀಕ್ಷೆ

ಶಾಸನವೊಂದು ಸಿಕ್ಕಿದಾಗ ನಾವು ಮೊದಲು ಕೇಳುವುದೇನು? ಇದು ಅಸಲಿಯೋ ನಕಲಿಯೋ, ಬೇರೆ ಆಧಾರಗಳೊಡನೆ ತಾಳೆಯಾಗುತ್ತದೆಯೋ ಇಲ್ಲವೋ ಎಂದು. ಹಲ್ಲಿನ ವಿಷಯದಲ್ಲಿಯೂ ವಿದ್ವಾಂಸರು ಅದನ್ನೇ ಮಾಡಿದರು.

2006ರಲ್ಲಿ ಗ್ಯಾರಿ ಶ್ವಾರ್ಟ್ಜ್ ಮತ್ತು ಅವರ ಜೊತೆಗಾರರು ಒಂದು ಗೊರಿಲ್ಲಾ ಮರಿಯ ಹಲ್ಲಿನ ಅಧ್ಯಯನವನ್ನು ಪ್ರಕಟಿಸಿದರು. ಅದು ಕಾಡಿನಲ್ಲಿ ಬೆಳೆದ ಗೊರಿಲ್ಲಾ ಅಲ್ಲ. ಮನುಷ್ಯರ ಆರೈಕೆಯಲ್ಲಿ ಬೆಳೆದು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡದ್ದು. ಆದ್ದರಿಂದ ಅದರ ಜೀವನದ ಕಷ್ಟಗಳ ಬರೆದಿಟ್ಟ ದಾಖಲೆ ಇತ್ತು. ಹಲ್ಲಿನೊಳಗಿನ ಗಾಢವಾದ ಗೆರೆಗಳ ದಿನಗಳನ್ನು ಎಣಿಸಿ ಆ ದಾಖಲೆಯ ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಹೊಂದಿಕೊಂಡವು. ಅದಕ್ಕೂ ಮೊದಲು, 2002ರಲ್ಲಿ, ವೆಂಡಿ ಡರ್ಕ್ಸ್ ಮತ್ತು ಸಂಗಡಿಗರು ಇಥಿಯೋಪಿಯಾದ ಅವಾಶ್ ರಾಷ್ಟ್ರೀಯ ಉದ್ಯಾನದ ಬಬೂನ್‌ಗಳ ಹಲ್ಲುಗಳಲ್ಲಿ ಇಂಥ ಗೆರೆಗಳನ್ನು ಹುಡುಕಿ, ಕಾಡಿನ ಪ್ರಾಣಿಯ ಬಾಲ್ಯದ ಸಂಕಟಗಳಿಗೂ ಅವುಗಳಿಗೂ ಇರುವ ನಂಟನ್ನು ಪರಿಶೀಲಿಸಿದ್ದರು.

ಆದರೆ ಒಂದು ಗೊರಿಲ್ಲಾ, ಕೆಲವು ಬಬೂನ್‌ಗಳೆಂದರೆ ಒಬ್ಬಿಬ್ಬರ ಜೀವನಚರಿತ್ರೆಯಾಯಿತು. ಇಡೀ ಒಂದು ಸಮುದಾಯದ ಚರಿತ್ರೆಯನ್ನು ಹಲ್ಲಿನಿಂದ ಓದಬಹುದೇ? ಹಾಗೆ ಓದಿದ್ದು ಸರಿಯೆಂದು ಹೇಗೆ ತಿಳಿಯುವುದು? ಇದಕ್ಕೆ ಬೇಕಾದುದು ಎಲ್ಲರೂ ಒಂದೇ ಕುಲದವರಾಗಿರುವ, ಒಂದೇ ನೆಲದಲ್ಲಿ ಬೆಳೆದ, ಒಂದು ಕಾಲದಲ್ಲಿ ಹಸಿದು ಇನ್ನೊಂದು ಕಾಲದಲ್ಲಿ ಉಂಡ ಒಂದು ಸಮುದಾಯ. ಅಂಥದು ಲೋಕದಲ್ಲಿ ಸಿಗುವುದು ಕಷ್ಟ. ಆದರೆ ಒಂದು ಕಡೆ ಇತ್ತು.

ಕಲ್ಕತ್ತೆಯಿಂದ ಹೊರಟ ಹಡಗು

ಉತ್ತರ ಭಾರತದ ರೀಸಸ್ ಕೋತಿಯನ್ನು ನಿಮ್ಮಲ್ಲಿ ಕಾಶಿ, ಮಥುರಾ ಯಾತ್ರೆ ಮಾಡಿದವರು ನೋಡಿರುತ್ತೀರಿ. ಕೆಂಪು ಮುಖ, ಕೆಂಪು ಹಿಂಭಾಗ, ಗಿಡ್ಡ ಬಾಲ. ನಮ್ಮ ಹಂಪಿಯ ಬೆಟ್ಟಗಳಲ್ಲಿಯೂ ದೇವಸ್ಥಾನಗಳ ಗೋಪುರಗಳ ಮೇಲೆಯೂ ಕಾಣುವ, ತಲೆಯ ಮೇಲೆ ಟೋಪಿಯಂತೆ ಕೂದಲು ಹರಡಿಕೊಂಡಿರುವ ಉದ್ದ ಬಾಲದ ಮಂಗ ಬೇರೆ ಜಾತಿ. ಈ ಕಥೆ ರೀಸಸ್ ಕೋತಿಯದು.

1930ರ ದಶಕದಲ್ಲಿ ಅಮೆರಿಕದ ವೈದ್ಯಕೀಯ ಸಂಶೋಧಕರಿಗೆ ರೀಸಸ್ ಕೋತಿಗಳು ಬಹಳ ಬೇಕಾಗಿದ್ದವು. ಭಾರತದಿಂದ ಹಡಗಿನಲ್ಲಿ ತರಿಸಬೇಕು. ದಾರಿಯಲ್ಲಿ ಎಷ್ಟೋ ಸಾಯುತ್ತಿದ್ದವು, ಬದುಕಿದವು ರೋಗ ಹೊತ್ತು ಬರುತ್ತಿದ್ದವು. ಯೂರೋಪಿನಲ್ಲಿ ಯುದ್ಧದ ಮೋಡ ಕವಿದಿತ್ತು. ಹಡಗಿನ ದಾರಿ ಯಾವಾಗ ಮುಚ್ಚುವುದೋ ತಿಳಿಯದು. ಆದ್ದರಿಂದ ತಮ್ಮ ಹತ್ತಿರವೇ ಒಂದು ಕೋತಿ ಸಂಸಾರವನ್ನು ನೆಲೆಗೊಳಿಸುವ ಯೋಚನೆ ಬಂತು. ಸ್ಥಳವಾಗಿ ಆರಿಸಿದ್ದು ಪೋರ್ಟೊರಿಕೊದ ಪೂರ್ವ ತೀರದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿರುವ ಕಾಯೊ ಸಾಂಟಿಯಾಗೊ ಎಂಬ ಪುಟ್ಟ ದ್ವೀಪ. ಅದರ ವಿಸ್ತೀರ್ಣ ಸುಮಾರು 15 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಮೂವತ್ತೇಳು ಮೂವತ್ತೆಂಟು ಎಕರೆ. ನಮ್ಮೂರುಗಳಲ್ಲಿ ಒಬ್ಬ ದೊಡ್ಡ ಜಮೀನ್ದಾರನ ಹೊಲದಷ್ಟು.

ಕೋತಿಗಳನ್ನು ತರುವ ಹೊಣೆ ಹೊತ್ತವನು ಕ್ಲಾರೆನ್ಸ್ ರೇ ಕಾರ್ಪೆಂಟರ್. ಕಾಡಿನಲ್ಲಿ ಕುಳಿತು ಮಂಗಗಳ ಸಾಮಾಜಿಕ ಜೀವನವನ್ನು ಗಮನಿಸಿ ಬರೆದ ಮೊದಲಿಗರಲ್ಲಿ ಅವನೊಬ್ಬ. 1938ರಲ್ಲಿ ಅವನು ಭಾರತಕ್ಕೆ ಬಂದು, ಲಖನೌ ಸುತ್ತಮುತ್ತಲಿನ ಪ್ರದೇಶದಲ್ಲಿ ಹಿಡಿಸಿದ ಕೋತಿಗಳನ್ನು ಕಲ್ಕತ್ತೆಯಲ್ಲಿ ಹಡಗು ಹತ್ತಿಸಿ, ತಾನೂ ಜೊತೆಯಲ್ಲಿಯೇ ಹೊರಟ. ತಿಂಗಳಿಗೂ ಮೀರಿದ ಸಮುದ್ರಯಾನ. ಕೊನೆಗೆ ಆ ದ್ವೀಪದಲ್ಲಿ ಬಿಟ್ಟ ರೀಸಸ್ ಕೋತಿಗಳ ಸಂಖ್ಯೆ 409. ಅಂದಿನಿಂದ ಹೊರಗಿನ ರೀಸಸ್ ಕೋತಿಯೊಂದನ್ನೂ ಆ ದ್ವೀಪಕ್ಕೆ ಸೇರಿಸಿಲ್ಲ. ಇಂದು ಅಲ್ಲಿರುವ ಸಾವಿರಕ್ಕೂ ಮೀರಿದ ಕೋತಿಗಳೆಲ್ಲ ಆ ಹಡಗಿನಲ್ಲಿ ಹೋದವುಗಳ ಸಂತತಿ. ಗಿರ್ಮಿಟ್ ಕೂಲಿಗಳಾಗಿ ಟ್ರಿನಿಡಾಡ್, ಗಯಾನಾಗಳಿಗೆ ಹೋದ ನಮ್ಮ ಜನರ ಚರಿತ್ರೆಯನ್ನು ಓದಿದವರಿಗೆ ಈ ಪ್ರಯಾಣ ಬೇರೆಯೇ ಭಾವನೆಗಳನ್ನು ಹುಟ್ಟಿಸಬಹುದು.

ಇಂಥ ಸಾಗಣೆ ಅಲ್ಲಿಗೇ ನಿಲ್ಲಲಿಲ್ಲ. 1950ರ ದಶಕದಲ್ಲಿ ಪೋಲಿಯೊ ಲಸಿಕೆಗಾಗಿ ಲಕ್ಷಗಟ್ಟಲೆ ರೀಸಸ್ ಕೋತಿಗಳು ಭಾರತದಿಂದ ಹೊರಹೋದವು. 1978ರಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರ ರಫ್ತನ್ನು ಪೂರ್ಣವಾಗಿ ನಿಷೇಧಿಸಿತು. ನಾವು ನಮ್ಮ ಮಕ್ಕಳಿಗೆ ಹಾಕಿಸಿದ ಪೋಲಿಯೊ ಹನಿಯ ಹಿಂದೆ ಆ ಪ್ರಾಣಿಗಳ ಋಣವಿದೆ ಎಂಬುದನ್ನು ನೆನೆಯಬೇಕು.

ದ್ವೀಪದಲ್ಲಿ ಹಸಿವು

ಮೂವತ್ತೇಳು ಎಕರೆಯಲ್ಲಿ ನಾನೂರು ಕೋತಿಗಳು ತಾವಾಗಿಯೇ ಹೊಟ್ಟೆ ಹೊರೆಯುವುದು ಸಾಧ್ಯವಿಲ್ಲ. ಮನುಷ್ಯರೇ ಆಹಾರ ಹಾಕಬೇಕು. ಆರಂಭದ ದಿನಗಳಲ್ಲಿ ಏರ್ಪಾಡು ಇತ್ತು. ಆದರೆ ಬೇಗನೆ ಎರಡನೆಯ ಮಹಾಯುದ್ಧ ಬಂತು. ಹಣ ಬತ್ತಿತು, ಸರಕು ಸಾಗಣೆ ಕಷ್ಟವಾಯಿತು, ಯೋಜನೆಯ ಮೇಲಿನ ಆಸಕ್ತಿಯೂ ಕುಗ್ಗಿತು. ಯುದ್ಧ ಮುಗಿದ ಮೇಲೆಯೂ ಸ್ಥಿತಿ ಸುಧಾರಿಸಲಿಲ್ಲ. ಆಹಾರ ಒಮ್ಮೆ ಸಿಗುವುದು, ಒಮ್ಮೆ ಇಲ್ಲವಾಗುವುದು. ಹಲವು ಕೋತಿಗಳನ್ನು ಪ್ರಯೋಗಗಳಿಗಾಗಿ ಹಿಡಿದೊಯ್ದರು. 1956ರಲ್ಲಿ ಸ್ಟುವರ್ಟ್ ಆಲ್ಟ್‌ಮನ್ ಎಂಬ ತರುಣ ವಿಜ್ಞಾನಿ ಅಲ್ಲಿಗೆ ಕಾಲಿಟ್ಟಾಗ ಉಳಿದಿದ್ದವು ಸುಮಾರು 150 ಮಾತ್ರ.

ನಮ್ಮಲ್ಲಿ ಒಂದು ಗಾದೆ ಇದೆ: ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಆ ಕಾಲದಲ್ಲಿ ಹುಟ್ಟಿದ ಮರಿಗಳ ಸ್ಥಿತಿ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಹಲ್ಲು ಕಟ್ಟಿಕೊಳ್ಳುತ್ತಿದ್ದಾಗಲೇ ಕಡಲೆ ಇರಲಿಲ್ಲ.

1956ರಲ್ಲಿ ದಿಕ್ಕು ಬದಲಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ ಸೇರಿದ ನರರೋಗ ವಿಭಾಗ ದ್ವೀಪದ ಹೊಣೆಯನ್ನು ವಹಿಸಿಕೊಂಡಿತು. ಆಲ್ಟ್‌ಮನ್ ಪ್ರತಿಯೊಂದು ಕೋತಿಗೂ ಹಚ್ಚೆಯ ಗುರುತು ಹಾಕಿಸಿ ಜನಗಣತಿ, ಅಲ್ಲ ಕಪಿಗಣತಿ, ಆರಂಭಿಸಿದ. ಅಂದಿನಿಂದ ಹುಟ್ಟು ಸಾವುಗಳ ಲೆಕ್ಕ ನಡೆದುಬಂದಿದೆ. ಆಹಾರ ನಿಯಮಿತವಾಗಿ ಬರತೊಡಗಿತು. ಮುಂದೆ ಪೋರ್ಟೊರಿಕೊ ವಿಶ್ವವಿದ್ಯಾಲಯದ ಕೆರಿಬಿಯನ್ ಪ್ರೈಮೇಟ್ ಸಂಶೋಧನಾ ಕೇಂದ್ರ ಈ ಕೆಲಸವನ್ನು ಮುಂದುವರಿಸಿತು. ಸತ್ತ ಕೋತಿಗಳ ಅಸ್ಥಿಗಳನ್ನು ಶುಚಿಮಾಡಿ, ಗುರುತು ಬರೆದು ಇಡುವ ಪದ್ಧತಿಯೂ ಬೆಳೆಯಿತು. ಇಂದು ಅಲ್ಲಿ ಸಾವಿರಾರು ಅಸ್ಥಿಪಂಜರಗಳ ಸಂಗ್ರಹವಿದೆ. ನಮ್ಮ ಶಾಸನ ಇಲಾಖೆಯ ಶಾಸನ ಪಡಿಯಚ್ಚುಗಳ ಸಂಗ್ರಹಕ್ಕೆ ಅದನ್ನು ಹೋಲಿಸಬಹುದು.

ಹಲ್ಲು ನುಡಿದ ಸಾಕ್ಷಿ

ಈಗ ಪ್ರಸಂಗದ ಮುಖ್ಯ ಭಾಗ. ಡೆಬಿ ಗ್ವಾಟೆಲ್ಲಿ-ಸ್ಟೈನ್‌ಬರ್ಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ಮನುಷ್ಯೇತರ ಪ್ರೈಮೇಟುಗಳ ಹಲ್ಲಿನ ಗೀರುಗಳನ್ನೇ ತಮ್ಮ ಅಧ್ಯಯನದ ವಿಷಯವಾಗಿ ಆರಿಸಿಕೊಂಡವರು. ಅವರೂ ಝೈನೆಪ್ ಬೆಂದರ್ಲಿಯೋಗ್ಲು ಎಂಬವರೂ ಸೇರಿ 2006ರಲ್ಲಿ ಕಾಯೊ ಸಾಂಟಿಯಾಗೊದ ಕೋತಿಗಳ ಹಲ್ಲುಗಳನ್ನು ಕುರಿತು ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಅವರ ಪ್ರಶ್ನೆ ಸರಳ: ಆಹಾರ ಅನಿಯಮಿತವಾಗಿದ್ದ ಕಾಲದಲ್ಲಿ ಹಲ್ಲು ಕಟ್ಟಿಕೊಂಡ ಕೋತಿಗಳಿಗೂ, 1956ರ ನಂತರ ನಿಯಮಿತವಾಗಿ ಉಂಡು ಬೆಳೆದ ಕೋತಿಗಳಿಗೂ ಗೀರುಗಳಲ್ಲಿ ವ್ಯತ್ಯಾಸ ಇದೆಯೇ?

ಇತ್ತು. ಹಸಿವಿನ ಕಾಲದವುಗಳಲ್ಲಿ ಗೀರುಗಳು ಹೆಚ್ಚು. ನಿಯಮಿತ ಆಹಾರದ ಕಾಲದವುಗಳಲ್ಲಿ ಕಡಿಮೆ.

ಇಷ್ಟೇ ತಾನೇ, ಯಾರೂ ಊಹಿಸಬಹುದಾಗಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಊಹೆಗೂ ಸಾಬೀತಿಗೂ ಇರುವ ಅಂತರವೇ ಇತಿಹಾಸಕ್ಕೂ ಪುರಾಣಕ್ಕೂ ಇರುವ ಅಂತರ. ಇಲ್ಲಿ ಕುಲ ಒಂದೇ, ನೆಲ ಒಂದೇ, ಹವೆ ಒಂದೇ. ಮುಖ್ಯವಾಗಿ ಬದಲಾದದ್ದು ಅವುಗಳ ಪಾಲನೆ, ಅದರಲ್ಲಿಯೂ ಆಹಾರದ ಏರ್ಪಾಡು. ಆ ಬದಲಾವಣೆಯ ವರ್ಷ ಮನುಷ್ಯರ ಕಾಗದಪತ್ರಗಳಲ್ಲಿ ಇದೆ. ಅದರ ಪರಿಣಾಮ ಕೋತಿಗಳ ಹಲ್ಲಿನಲ್ಲಿ ಇದೆ. ಎರಡು ಬೇರೆ ಬೇರೆ ಆಧಾರಗಳು ಒಂದೇ ಮಾತನ್ನು ಹೇಳುತ್ತಿವೆ. ಯುದ್ಧದ ಗದ್ದಲದಲ್ಲಿ ಯಾರ ಗಮನಕ್ಕೂ ಬಾರದೆ ಹಸಿದ ಪ್ರಾಣಿಗಳ ಪರವಾಗಿ ಅರ್ಧ ಶತಮಾನ ಕಳೆದ ಮೇಲೆ ಸಾಕ್ಷಿ ನುಡಿದದ್ದು ಅವುಗಳ ಹಲ್ಲೇ. ಒಮ್ಮೆ ಇಲ್ಲಿ ತಾಳೆಯಾಯಿತೆಂದರೆ, ಕಾಗದಪತ್ರವೇ ಇಲ್ಲದ ಕಡೆಯಲ್ಲಿಯೂ ಈ ಸಾಕ್ಷಿಯನ್ನು ಕರೆಸುವ ಧೈರ್ಯ ಬರುತ್ತದೆ.

ಕಾಡಿನ ವಾನರಗಳು

ಅಂಥ ಕಡೆ ಎಂದರೆ ಕಾಡು. ಕೆನಡಾದ ಮಾರ್ಕ್ ಸ್ಕಿನ್ನರ್ 1986ರಲ್ಲಿಯೇ ಒಂದೇ ಸೀಮೆಯಲ್ಲಿ ವಾಸಿಸುವ ಚಿಂಪಾಂಜಿ ಮತ್ತು ಗೊರಿಲ್ಲಾಗಳ ಹಲ್ಲಿನ ಗೀರುಗಳನ್ನು ಕುರಿತು ಬರೆದಿದ್ದರು. 2004ರಲ್ಲಿ ಅವರೂ ಡೇವಿಡ್ ಹಾಪ್‌ವುಡ್ ಎಂಬವರೂ ಆಫ್ರಿಕದ ಚಿಂಪಾಂಜಿ, ಗೊರಿಲ್ಲಾ, ಏಷ್ಯಾದ ಒರಾಂಗುಟಾನ್‌ಗಳಲ್ಲಿ ಗೀರುಗಳು ಒಂದು ಗೊತ್ತಾದ ಅಂತರದಲ್ಲಿ ಮರುಕಳಿಸುವುದನ್ನು ತೋರಿಸಿ, ಸುಮಾರು ಆರು ತಿಂಗಳಿಗೊಮ್ಮೆ ಬರುವ ಈ ಸಂಕಟಕ್ಕೂ ಸಮಭಾಜಕ ವೃತ್ತದ ಬಳಿಯ ಮಳೆಗಾಲಗಳ ಚಕ್ರಕ್ಕೂ ಸಂಬಂಧ ಕಲ್ಪಿಸಿದರು. ಹಸಿರು ಕಾಡು ಎಂದರೆ ಸದಾ ಸಮೃದ್ಧಿ ಎಂಬ ನಮ್ಮ ಕಲ್ಪನೆಯನ್ನು ಈ ಗೀರುಗಳು ಅಳಿಸುತ್ತವೆ. ಕಾಡಿನಲ್ಲಿಯೂ ಹಣ್ಣಿಲ್ಲದ ತಿಂಗಳುಗಳಿವೆ, ರೋಗದ ತಿಂಗಳುಗಳಿವೆ.

ಹಲ್ಲಿನ ಆಕಾರವನ್ನಷ್ಟೇ ಅಲ್ಲದೆ ಅದರೊಳಗಿನ ರಾಸಾಯನಿಕಗಳನ್ನೂ ಈಗ ಓದಲು ಸಾಧ್ಯವಾಗಿದೆ. ತಾಯಿಯ ಹಾಲು ಕುಡಿಯುವಾಗ ಬೇರಿಯಂ ಎಂಬ ಧಾತುವಿನ ಅಂಶ ಹಲ್ಲಿನಲ್ಲಿ ಹೆಚ್ಚುತ್ತದೆ. 2017ರಲ್ಲಿ ತಾನ್ಯಾ ಸ್ಮಿತ್ ಮತ್ತು ಸಂಗಡಿಗರು ಕಾಡಿನ ಒರಾಂಗುಟಾನ್ ಮರಿಗಳ ಹಲ್ಲುಗಳಲ್ಲಿ ಈ ಅಂಶ ವರ್ಷವರ್ಷವೂ ಏರಿಳಿಯುವುದನ್ನು ಕಂಡರು. ಹಣ್ಣು ಕಡಿಮೆಯಾದ ಕಾಲದಲ್ಲಿ ಬೆಳೆದ ಮರಿಯೂ ಮತ್ತೆ ತಾಯಿಯ ಮೊಲೆಗೆ ಬರುತ್ತದೆ ಎಂಬುದು ಅವರ ವಿವರಣೆ. ಎಂಟು ವರ್ಷ ದಾಟಿದ ಮೇಲೆಯೂ ಹಾಲು ಕುಡಿದ ಗುರುತು ಅಲ್ಲಿತ್ತು. ಬರಗಾಲದ ಗಂಜಿಕೇಂದ್ರ ಎಂದರೆ ತಾಯಿಯೇ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕೆ?

ಸಾಕ್ಷಿಯ ಮಿತಿಗಳು

ಯಾವ ಆಧಾರವನ್ನೂ ಅದು ಹೇಳುವುದಕ್ಕಿಂತ ಹೆಚ್ಚು ಹೇಳುವಂತೆ ಒತ್ತಾಯಿಸಬಾರದು. ಪ್ರಶಸ್ತಿಶಾಸನದಲ್ಲಿ ಅರಸನು ಸಮುದ್ರದವರೆಗೂ ಗೆದ್ದನೆಂದಿದ್ದರೆ ನಾವು ಅದನ್ನು ಹಾಗೆಯೇ ನಂಬುವುದಿಲ್ಲ. ಹಲ್ಲನ್ನು ಓದುವಾಗಲೂ ಅದೇ ಎಚ್ಚರ ಬೇಕು.

ಮೊದಲನೆಯದಾಗಿ, ಗೀರು ಯಾವಾಗ ಎಂಬುದನ್ನು ಹೇಳುತ್ತದೆ, ಏಕೆ ಎಂಬುದನ್ನು ಹೇಳುವುದಿಲ್ಲ. ಹಸಿವೋ, ಜ್ವರವೋ, ಹೊಟ್ಟೆಹುಳುವೋ, ಮೊಲೆ ಬಿಡಿಸಿದ ಸಂಕಟವೋ, ಎಲ್ಲವೂ ಒಂದೇ ಬಗೆಯ ಗುರುತು ಬಿಡಬಲ್ಲವು. ಕಾರಣ ತಿಳಿಯಲು ಕಾಯೊ ಸಾಂಟಿಯಾಗೊದಂತೆ ಬೇರೆ ಆಧಾರಗಳ ನೆರವು ಬೇಕು.

ಎರಡನೆಯದಾಗಿ, ಹಲ್ಲಿನ ಮೇಲಿನ ಪ್ರತಿಯೊಂದು ದೋಷವೂ ಹಸಿವಿನ ಗುರುತಲ್ಲ. ಕೋಲಾರ, ಪಾವಗಡದಂಥ ಬಯಲುಸೀಮೆಯ ಊರುಗಳ ಮಕ್ಕಳ ಹಲ್ಲಿನ ಮೇಲೆ ಕಾಣುವ ಕಂದು ಕಲೆಗಳನ್ನು ನೆನೆಯಿರಿ. ಅದು ಕೊಳವೆಬಾವಿ ನೀರಿನ ಫ್ಲೋರೈಡ್ ಮಾಡಿದ ಕೆಲಸ. ಅದೂ ಎನಾಮಲ್ ಕಟ್ಟುವ ವಯಸ್ಸಿನಲ್ಲಿಯೇ ಆಗುವ ಹಾನಿ, ಅದೂ ಅಳಿಸದ ದಾಖಲೆ. ಆದರೆ ಅದು ಹೇಳುವುದು ನೀರಿನ ಕಥೆಯನ್ನು.

ಮೂರನೆಯದಾಗಿ, ಎಲ್ಲ ಹಲ್ಲುಗಳೂ ಸಮಾನವಾದ ಸಾಕ್ಷಿಗಳಲ್ಲ. ರೀಸಸ್ ಕೋತಿಗಳಲ್ಲಿ ಕೋರೆಹಲ್ಲಿಗೆ ಉಜ್ಜಿಕೊಳ್ಳುವ ಒಂದು ಮುಂದವಡೆ ಹಲ್ಲಿನಲ್ಲಿ ಗೀರುಗಳು ವಿಶೇಷವಾಗಿ ಕಾಣಿಸಿಕೊಳ್ಳುತ್ತವೆ ಎಂದು ಗ್ವಾಟೆಲ್ಲಿ-ಸ್ಟೈನ್‌ಬರ್ಗ್ ಮತ್ತು ಜಾನ್ ಲ್ಯೂಕಾಚ್ 1998ರಲ್ಲಿ ತೋರಿಸಿದ್ದರು. ಅದು ಆ ಹಲ್ಲಿನ ಬೆಳವಣಿಗೆಯ ರೀತಿಗೆ ಸಂಬಂಧಿಸಿದ್ದು. ಹಾಗೆಯೇ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ ಗೀರುಗಳು ಕೋತಿಗಳಿಗಿಂತ ಬಹಳ ಹೆಚ್ಚು. ಅದರಿಂದ ಅವು ಕೋತಿಗಳಿಗಿಂತ ಹೆಚ್ಚು ಕಷ್ಟಪಟ್ಟವು ಎಂದು ತೀರ್ಮಾನಿಸುವಂತಿಲ್ಲ. ಅವುಗಳ ಹಲ್ಲು ಕಟ್ಟಲು ಹೆಚ್ಚು ವರ್ಷ ಬೇಕು, ಆದ್ದರಿಂದ ಕಷ್ಟದ ದಿನಗಳು ಅದರ ಮೇಲೆ ಬರೆಯಲು ಹೆಚ್ಚು ಅವಕಾಶ. ಎನಾಮಲ್ ಬೆಳೆಯುವ ಕೋನ, ವೇಗಗಳಲ್ಲಿಯೂ ವ್ಯತ್ಯಾಸವಿದೆ. ಹತ್ತು ವರ್ಷ ದಿನಚರಿ ಬರೆದವನ ಪುಸ್ತಕದಲ್ಲಿ ಮೂರು ವರ್ಷ ಬರೆದವನ ಪುಸ್ತಕಕ್ಕಿಂತ ಹೆಚ್ಚು ದುಃಖ ಇರುವುದು ಸಹಜ. ಲ್ಯೂಕಾಚ್ ಅವರ ಹೆಸರು ಬಂದದ್ದರಿಂದ ಇನ್ನೊಂದು ಮಾತು: ನಮ್ಮ ದಖ್ಖನಿನ ಪ್ರಾಚೀನ ಮಕ್ಕಳ ಹಲ್ಲುಗಳನ್ನೂ ಅವರು ಅಧ್ಯಯನ ಮಾಡಿದ್ದಾರೆ. ಪುಣೆ ಜಿಲ್ಲೆಯ ಇನಾಮ್‌ಗಾಂವ್‌ನಲ್ಲಿ ಡೆಕ್ಕನ್ ಕಾಲೇಜಿನವರು ನಡೆಸಿದ ಉತ್ಖನನದಲ್ಲಿ, ಮನೆಗಳ ನೆಲದಡಿಯಲ್ಲಿ ಮಡಕೆಗಳಲ್ಲಿ ಹೂಳಿದ್ದ ಶಿಶುಗಳ ಅವಶೇಷಗಳು ದೊರೆತಿವೆ. ಅವುಗಳ ಹಾಲುಹಲ್ಲಿನ ದೋಷಗಳನ್ನು ಸುಭಾಷ್ ವಾಳಿಂಬೆ ಮತ್ತು ಲ್ಯೂಕಾಚ್ ಪರಿಶೀಲಿಸಿದರು. ಮಂಗನ ಹಲ್ಲನ್ನು ಓದುವ ವಿದ್ಯೆಯೂ ಮಗುವಿನ ಹಲ್ಲನ್ನು ಓದುವ ವಿದ್ಯೆಯೂ ಒಂದೇ.

ನಾಲ್ಕನೆಯ ಮಿತಿ ಎಲ್ಲಕ್ಕಿಂತ ಮುಖ್ಯವಾದುದು. ಗೀರು ಬೀಳಬೇಕಾದರೆ ಎನಾಮಲ್ ಕಟ್ಟುವ ಕೆಲಸ ನಿಂತು ಮತ್ತೆ ಆರಂಭವಾಗಬೇಕು. ಅಂದರೆ ಆ ಮರಿ ಸಂಕಟವನ್ನು ದಾಟಿ ಬದುಕಿರಬೇಕು. ಹಸಿವಿನಿಂದ ಬೇಗನೆ ಸತ್ತ ಮರಿಯ ಹಲ್ಲು ನುಣುಪಾಗಿಯೇ ಇರಬಹುದು. ನುಣುಪಾದ ಹಲ್ಲನ್ನು ನೋಡಿ ಇದು ಸುಖವಾಗಿತ್ತು ಎಂದುಕೊಂಡರೆ ದೊಡ್ಡ ಪ್ರಮಾದ. ಈ ವಿರೋಧಾಭಾಸವನ್ನು ಜೇಮ್ಸ್ ವುಡ್ ಮತ್ತು ಜೊತೆಗಾರರು 1992ರಲ್ಲಿ ಮನುಷ್ಯರ ಅಸ್ಥಿಗಳ ಸಂದರ್ಭದಲ್ಲಿ ಎತ್ತಿ ಹೇಳಿದರು. ಅಂದಿನಿಂದ ಈ ಕ್ಷೇತ್ರದ ವಿದ್ವಾಂಸರು ಅದನ್ನು ಮರೆಯುವಂತಿಲ್ಲ.

ಗೀರನ್ನು ನೋಡುವ ಬಗೆ

ಈ ನಾಲ್ಕನೆಯ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಗೀರು ಎಂದರೆ ಕಷ್ಟದ ಗುರುತು ಎಂದು ಹೇಳಿದೆ. ಅದರ ಜೊತೆಗೆ ಅದು ಕಷ್ಟ ಮುಗಿದ ಗುರುತೂ ಹೌದು. ತಗ್ಗಿನ ಮೇಲೊಂದು ಅಂಚಿದೆ, ಕೆಳಗೊಂದು ಅಂಚಿದೆ. ಮೇಲಿನದು ಅನ್ನ ತಪ್ಪಿದ ದಿನ. ಕೆಳಗಿನದು ಮತ್ತೆ ಅನ್ನ ಸಿಕ್ಕಿದ ದಿನ ಅಥವಾ ಜ್ವರ ಬಿಟ್ಟ ದಿನ. ಸತ್ತವರ ಸಂಖ್ಯೆ ನಮಗೆ ಬರದ ಭೀಕರತೆಯನ್ನು ತಿಳಿಸುತ್ತದೆ. ಬದುಕಿ ಉಳಿದವರು ಏನನ್ನು ದಾಟಿ ಬಂದರು ಎಂಬುದನ್ನು ಈ ಗೀರು ತಿಳಿಸುತ್ತದೆ. ಎರಡೂ ಇಲ್ಲದೆ ಹಸಿವಿನ ಇತಿಹಾಸ ಪೂರ್ಣವಾಗದು.

ಇನ್ನೊಂದು ವಿಚಾರ. ಕಾಯೊ ಸಾಂಟಿಯಾಗೊದ ಕೋತಿಗಳ ಹಸಿವು ದೈವ ತಂದದ್ದಲ್ಲ. ಅವುಗಳನ್ನು ತಮ್ಮ ಕಾಡಿನಿಂದ ಕಿತ್ತು ಒಂದು ದ್ವೀಪದಲ್ಲಿ ಇಟ್ಟವರು ಮನುಷ್ಯರು. ಅನ್ನ 'ಹಾಕುತ್ತೇವೆ' ಎಂದವರೂ ಅವರೇ, ಮರೆತವರೂ ಅವರೇ, ಮತ್ತೆ ನೆನೆದವರೂ ಅವರೇ. ಪರಾಧೀನವಾದ ಯಾವ ಜೀವಿಯ ಚರಿತ್ರೆಯೂ ಹೀಗೆಯೇ. ನಾವು ಕೊಡುವ ಅಥವಾ ಕೊಡಲು ಮರೆಯುವ ತುತ್ತಿನ ಲೆಕ್ಕವನ್ನು ಯಾರೂ ಬರೆಯುತ್ತಿಲ್ಲ ಎಂದುಕೊಳ್ಳುವುದು ಬೇಡ. ಬೆಳೆಯುವ ದೇಹ ಬರೆದುಕೊಳ್ಳುತ್ತಿರುತ್ತದೆ. ಶಾಲೆಯಲ್ಲಿ ಬಿಸಿಯೂಟ ಬರುವುದಕ್ಕೆ ಮೊದಲಿನ ದಿನಗಳಲ್ಲಿ ಮಧ್ಯಾಹ್ನ ಬರೀ ನೀರು ಕುಡಿದು ಬೆಂಚಿಗೆ ಮರಳುತ್ತಿದ್ದ ಮಕ್ಕಳನ್ನು ಕಂಡ ಮೇಷ್ಟ್ರಾಗಿ ಈ ಮಾತನ್ನು ಹೇಳುತ್ತಿದ್ದೇನೆ.

2017ರ ಸೆಪ್ಟೆಂಬರಿನಲ್ಲಿ ಮರಿಯಾ ಎಂಬ ಚಂಡಮಾರುತ ಆ ದ್ವೀಪದ ಮೇಲೆ ಬೀಸಿ ಅರ್ಧಕ್ಕಿಂತ ಹೆಚ್ಚು ಹಸಿರನ್ನು ಅಳಿಸಿಹಾಕಿತು. ಕೋತಿಗಳಲ್ಲಿ ಬಹುಪಾಲು ಬದುಕಿದವು. ನೆರಳು ಉಳಿದಿದ್ದ ಅಲ್ಪ ಜಾಗವನ್ನು ಮೊದಲಿಗಿಂತ ಹೆಚ್ಚು ಸಹನೆಯಿಂದ ಹಂಚಿಕೊಂಡವು ಎಂದು ಅಲ್ಲಿನ ಸಂಶೋಧಕರು ಬರೆದಿದ್ದಾರೆ. ಆ ವರ್ಷ ಎಳೆಯವಾಗಿದ್ದ ಮರಿಗಳ ಹಲ್ಲಿನೊಳಗೆ ಆ ಬಿರುಗಾಳಿಯ ದಿನಕ್ಕೂ ಒಂದು ಗೆರೆ ಇದ್ದರೆ ಆಶ್ಚರ್ಯವಿಲ್ಲ. ಮುಂದೆ ಎಂದಾದರೂ ಒಬ್ಬರು ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಓದಬಹುದು.

ನಮ್ಮ ಮನೆಗಳಲ್ಲಿ ಮಕ್ಕಳ ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆಯುವ ವಾಡಿಕೆ ಇತ್ತು. ಈಗ ಹಂಚಿನ ಮನೆಗಳೂ ಕಡಿಮೆ, ಸಗಣಿಯೂ ಕಡಿಮೆ. ನಿಮ್ಮ ಮಕ್ಕಳ, ಮೊಮ್ಮಕ್ಕಳ ಹಲ್ಲು ಬಿದ್ದಾಗ ಎಸೆಯುವ ಮೊದಲು ಒಂದು ಕ್ಷಣ ಅಂಗೈಯಲ್ಲಿಟ್ಟುಕೊಂಡು ನೋಡಿ. ಅದರೊಳಗೆ ಆ ಮಗು ಹುಟ್ಟಿದ ದಿನದ ಗೆರೆ ಇದೆ. ಅದರ ಆಚೆಗೆ ತಾಯಿಯ ಹಾಲಿನ ದಿನಗಳು, ಬಂದು ಹೋದ ಜ್ವರದ ದಿನಗಳು ಇವೆ. ಮೈ ನುಣುಪಾಗಿದ್ದರೆ, ಮಗು ಚೆನ್ನಾಗಿ ಉಂಡು ಬೆಳೆದಿದ್ದರೆ, ಸಂತೋಷ. ಗೀರಿದ್ದರೆ, ಅದನ್ನು ದಾಟಿ ಬಂದಿತೆಂದು ಇನ್ನೂ ಸಂತೋಷಪಡಿ.